ಬೆಕ್ಕಿನ ಉಚ್ಚೆಗೆ ನಾವು ಕಟ್ಟುವ ಕತೆಗಳು

ಬೆಕ್ಕು ಸಾಕಿದವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಸೇಡು ತೀರಿಸ್ಕೊಳ್ಳಕತ್ತದ ನೋಡ್ರಿ ಇದು." ಮಗಳು ಹಾಸ್ಟೆಲಿಗೆ ಹೋದಳು, ಬೆಕ್ಕು ಅವಳ ಗಾದಿಯ ಮೇಲೆ ಉಚ್ಚೆ ಹೊಯ್ದಿತು, ಅದು ಸಿಟ್ಟು. ಹೊಸ ಸೊಸೆ ಬಂದಳು, ಅವಳ ಸೂಟ್‌ಕೇಸಿನ ಮೇಲೆ ಹೊಯ್ದಿತು, ಅದು ಹೊಟ್ಟೆಕಿಚ್ಚು. ಹಾಲು ಹಾಕುವುದು ತಡವಾಯಿತು, ಅಡುಗೆಮನೆಯ ಮೂಲೆಯಲ್ಲಿ ಹೊಯ್ದಿತು, ಅದು ಹಟ. ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಬೆಕ್ಕಿರುವ ಮನೆಗಳು ಸಾಕಷ್ಟಿವೆ. ನಾನು ಬೆಕ್ಕಿನ ಬಗ್ಗೆ ನಾಲ್ಕಕ್ಷರ ಓದಿಕೊಂಡವಳು ಎಂಬ ಸುದ್ದಿ ಹೇಗೋ ಹಬ್ಬಿರುವುದರಿಂದ ಇಂಥ ಕತೆಗಳೆಲ್ಲ ಸಂಜೆ ಹೊತ್ತಿಗೆ ನಮ್ಮ ಕಟ್ಟೆಗೆ ಬಂದು ಕೂಡುತ್ತವೆ. ಬೆಕ್ಕಿನ ಬಗ್ಗೆ ಕೇಳುವ ನೆಪದಲ್ಲಿ ಸೊಸೆಯ ಬಗ್ಗೆ ಹೇಳುವವರೂ ಇದ್ದಾರೆ, ಅದಿರಲಿ.

ಈ ಕತೆಗಳು ನಿಜವೋ ಸುಳ್ಳೋ ಅನ್ನುವುದಕ್ಕಿಂತ, ಎಷ್ಟು ಬೇಗ ಮುಗಿದುಬಿಡುತ್ತವೆ ಅನ್ನುವುದು ನನ್ನನ್ನು ಕಾಡುತ್ತದೆ. ಸೇಡು ಅಂದುಕೊಂಡ ಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಬೈಯುವುದು, ಮೂತಿ ಹಿಡಿದು ಉಚ್ಚೆಗೆ ಒತ್ತುವುದು, ಹೊರಗೆ ಹಾಕಿ ಕದ ಮುಚ್ಚುವುದು, ಇಷ್ಟೇ. ಇದಕ್ಕೆ ಎದುರಾಗಿ ಮೊಬೈಲು ನೋಡಿ ಕಲಿತವರ ಕತೆಯೊಂದಿದೆ: "ಇನ್‌ಫೆಕ್ಷನ್ ಆಗಿರ್ತದ, ಮೆಡಿಕಲ್‌ದಾಗ ಒಂದು ಆಂಟಿಬಯೋಟಿಕ್ ತಗೊಂಡ್ರ ಮುಗೀತು." ಅದೂ ಅಷ್ಟೇ ಬೇಗ ಮುಗಿಯುವ ಕತೆ. ಹತ್ತು ವರ್ಷ ದಾಟದ ಬೆಕ್ಕುಗಳಲ್ಲಿ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೋಂಕು ತಗಲುವುದು ಕಡಿಮೆ. ಅದು ಹೆಚ್ಚಾಗಿ ಕಾಣುವುದು ಮುದಿ ಬೆಕ್ಕುಗಳಲ್ಲಿ, ಕಿಡ್ನಿ ಸೋತವುಗಳಲ್ಲಿ, ಸಕ್ಕರೆ ಕಾಯಿಲೆ ಇರುವವುಗಳಲ್ಲಿ.

ರೋಗವೋ, ಸ್ವಭಾವವೋ? ಕೇಳಬೇಕಾದ ಪ್ರಶ್ನೆಯೇ. ಆದರೆ ಕೇಳುವುದಕ್ಕೆ ಒಂದು ಸರದಿ ಇದೆ: ಮೊದಲು ದೇಹ, ಆಮೇಲೆ ಮನಸ್ಸು. ಗಂಡು ಬೆಕ್ಕಿನ ವಿಷಯದಲ್ಲಂತೂ ಆ ಸರದಿ ತಪ್ಪಿದರೆ ಮತ್ತೆ ಕೇಳುವ ಅವಕಾಶವೇ ಸಿಗದೆ ಹೋಗಬಹುದು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ, ದೇಹ ಮನಸ್ಸು ಎರಡೂ ಸೇರಿಹೋಗಿ ಬಿಡಿಸಲು ಬಾರದ ಜಾಗವೊಂದು ಉಳಿದುಕೊಳ್ಳುತ್ತದೆ. ನನಗೆ ಕುತೂಹಲ ಅಲ್ಲಿಯದು. ಅಲ್ಲಿಗೆ ಹೋಗುವ ಮೊದಲು ಸುಲ್ತಾನನ ಸುದ್ದಿ.

ಸುಲ್ತಾನನ ಟಬ್

ಹಿಂದಿನ ಓಣಿಯ ಆಪಾ ಅವರ ಮನೆಯ ಸುಲ್ತಾನ ದಪ್ಪ ಕತ್ತಿನ ಹಳದಿ ಗಂಡು. ಮನೆ ಬಿಟ್ಟು ಹೊರಗೆ ಹೋಗದವನು. ಸಿಮೆಂಟ್ ಕಲಸುವ ಕರಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಅವನಿಗೆ ಉಸುಕು ಹಾಕಿಟ್ಟಿದ್ದರು. ಮೇ ತಿಂಗಳು, ಊರಿನ ಬಿಸಿಲು 43 ಡಿಗ್ರಿ ಮುಟ್ಟಿದ್ದ ದಿನ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಪಾ ಫೋನ್ ಮಾಡಿದರು. "ಟೀಚರ್, ಸುಲ್ತಾನ್‌ಗ ಮಲ ಕಟ್ಟ್ಯದ. ಮುಂಜಾನಿಂದ ಹತ್ತ್ ಸಲ ಟಬ್‌ನ್ಯಾಗ ಕುಂತಾನ, ಏನೂ ಬರವಲ್ದು. ಹಾಲಿನ್ಯಾಗ ಇಸಬಗೋಲ್ ಕಲಸಿ ಕುಡಿಸೀನಿ. ಇನ್ನೇನರೆ ಕೊಡಬೇಕೇನು?"

ಹೋದೆ. ಒಂದು ಹಳೆಯ ಹುಟ್ಟು ಇಸಿದುಕೊಂಡು ಟಬ್ಬಿನ ಉಸುಕನ್ನು ತಳದವರೆಗೆ ತಿರುವಿ ಹಾಕಿದೆ. ಒಂದು ಕಡೆಯೂ ಉಸುಕು ಅಂಟಿಕೊಂಡಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೂ ಒಣಗಿತ್ತು, ಹುಟ್ಟಿನಿಂದ ಸರಸರ ಜಾರುತ್ತಿತ್ತು. ಮೂಲೆಯಲ್ಲಿ ಮಲ ಇತ್ತು, ಹೊಸದೇ, ಮೆತ್ತಗೇ ಇದ್ದದ್ದು. ಮಲ ಕಟ್ಟಿರಲಿಲ್ಲ ಅಂತಾಯಿತು. "ಉಸುಕು ಯಾವಾಗ ಬದಲ್ ಮಾಡೀರಿ?" ಅಂದೆ. ನಿನ್ನೆ ರಾತ್ರಿ, ಇಶಾ ನಮಾಜ್ ಆದ ಮೇಲೆ. ಅಂದರೆ ಅಲ್ಲಿಂದ ಈಚೆಗೆ ಈ ಬೆಕ್ಕು ಟಬ್ಬಿನಲ್ಲಿ ಉಚ್ಚೆ ಹೊಯ್ದೇ ಇಲ್ಲ. ನಾವು ಮಾತಾಡುತ್ತಿರುವಾಗಲೇ ಸುಲ್ತಾನ ಮತ್ತೆ ಬಂದ. ಟಬ್ಬಿಗೆ ಇಳಿದು ಹಿಂಗಾಲು ಅಗಲಿಸಿ ಕುಂತ, ಬೆನ್ನು ಬಿಗಿಯಾಯಿತು, ಹೊಟ್ಟೆ ಒಳಕ್ಕೆ ಹೋಗಿ ಬಂತು, ಗಂಟಲಿನಿಂದ ಅವನದಲ್ಲದ ಒಂದು ದನಿ ಹೊರಟಿತು. ಇಳಿದು ಹೋಗಿ ಬಚ್ಚಲ ಮೋರಿಯ ಹತ್ತಿರ ಕುಂತ. ಅಲ್ಲಿ ಬಿಳಿ ಟೈಲ್ಸಿನ ಮೇಲೆ ಒಂದೇ ಒಂದು ಹನಿ ಬಿತ್ತು, ಕಂದು ಬಣ್ಣದ್ದು. ಆಮೇಲೆ ಹಿಂಭಾಗ ನೆಕ್ಕುತ್ತಾ ಕುಂತವನು ಇಸಬಗೋಲಿನ ಹಾಲನ್ನೆಲ್ಲ ಕಾರಿದ.

ಆಪಾ ಅವರ ಮಗ "ನಾಳಿ ಮುಂಜಾನಿ ದನದ ದವಾಖಾನಿ ತೆಗೀತದ, ಒಯ್ತೀನಿ" ಅಂದ. ಪಕ್ಕದ ಮನೆಯವರೊಬ್ಬರು ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಹಾಕಿದರೆ ಹೇಗೆ ಅಂದರು. ಎರಡನ್ನೂ ತಡೆಯಬೇಕಾಯಿತು. ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಮನುಷ್ಯರ ಅರ್ಧ ಗುಳಿಗೆ ಒಂದು ಬೆಕ್ಕಿನ ಜೀವ ತೆಗೆಯಲು ಸಾಕು. ಇನ್ನು ನಾಳೆ ಮುಂಜಾನೆಯ ಮಾತು. ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಗೆ ಬರುಬರುತ್ತ ಬಹಳ ಕಿರಿದು. ಸಣ್ಣ ಹರಳುಗಳೋ, ಲೋಳೆಯ ಬಿರಡೆಯೋ, ಬರೀ ಸ್ನಾಯುವಿನ ಸೆಡೆತವೋ ಅದನ್ನು ಮುಚ್ಚಿಬಿಡಬಹುದು. ಮುಚ್ಚಿದರೆ ಮೂತ್ರ ಹಿಂದಕ್ಕೆ ಒತ್ತುತ್ತದೆ, ಕಿಡ್ನಿ ಕೆಲಸ ನಿಲ್ಲಿಸುತ್ತದೆ, ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡ ಬೆಕ್ಕಿಗೆ ಇರುವ ಅವಧಿ 24ರಿಂದ 48 ಗಂಟೆ, ಕೆಲವು ಸಲ ಸ್ವಲ್ಪ ಹೆಚ್ಚು. ಸುಲ್ತಾನನ ಗಡಿಯಾರ ಹಿಂದಿನ ರಾತ್ರಿಯೇ ಶುರುವಾಗಿತ್ತು.

ಪರಿಚಯದ ಡಾಕ್ಟರು ಮನೆಯಲ್ಲೇ ಇದ್ದರು. ಹೊಟ್ಟೆಯ ಕೆಳಭಾಗವನ್ನು ಎರಡು ಬೆರಳಲ್ಲಿ ಹಗೂರಕ್ಕೆ ಹಿಡಿದು ನೋಡಿ, "ಚೀಲ ಪೂರಾ ಬಿಗದದ" ಅಂದರು. (ನಾವು ನೀವು ಒತ್ತಿ ನೋಡಬಾರದು, ಒಡೆಯುವ ಅಪಾಯವಿದೆ.) ಮಂಪರು ಬರುವ ಇಂಜೆಕ್ಷನ್ ಕೊಟ್ಟು ಸಣ್ಣ ನಳಿಗೆ ಹಾಕಿದರು, ಸಲೈನ್ ಬಿಟ್ಟು ತೊಳೆದರು. ಸ್ಟೀಲ್ ಬಟ್ಟಲಿಗೆ ಬಿದ್ದ ಮೂತ್ರ ಕೆಂಪಗಿತ್ತು. ಕೆಲಸ ಮಾಡುತ್ತಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಡೀ ಸಲ ಉಚ್ಚಿ ಹೊಯ್ದದ್ದು ಯಾವಾಗ ನೋಡೀರಿ?" ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಕ್ಕು ಎಷ್ಟು ಸಲ ಟಬ್ಬಿಗೆ ಹೋಗಿ ಬಂತು ಎಂದು ಎಲ್ಲರೂ ಹೇಳಬಲ್ಲವರಾಗಿದ್ದರು. ಟಬ್ಬಿನಲ್ಲಿ ಏನು ಬಿತ್ತು ಎಂದು ಹೇಳಬಲ್ಲದ್ದು ಆ ಒಣ ಉಸುಕು ಮಾತ್ರ.

ಸುಲ್ತಾನ ಬದುಕಿದ. ಬೇಸಿಗೆಯಲ್ಲಿ ಮಾಂಸ ಕೆಡುತ್ತದೆ ಎಂದು ಅವನಿಗೆ ಒಣ ಕಾಳಿನ ಆಹಾರವನ್ನಷ್ಟೇ ಹಾಕುತ್ತಿದ್ದರಂತೆ. ನಾವು ಸಾಕುವ ಬೆಕ್ಕು ಮರಳುಗಾಡಿನ ಕಾಡುಬೆಕ್ಕಿನ ಸಂತತಿ. ಬೇಟೆಯ ಮೈಯಲ್ಲಿರುವ ನೀರಿನಲ್ಲೇ ಬಾಳಲು ಕಲಿತದ್ದು, ಬಾಯಾರಿಕೆ ಕಡಿಮೆ, ಮೂತ್ರ ಮೊದಲೇ ಗಟ್ಟಿ. ಇಲಿಯ ಮೈಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರಿದ್ದರೆ ಒಣ ಕಾಳಿನಲ್ಲಿ ಹತ್ತರಷ್ಟು. ನಮ್ಮ ಬಿಸಿಲಿಗೆ ಅದು ಸಾಲುವುದಿಲ್ಲ. ಈಗ ಆಪಾ ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಹಾಕದೆ ಕೋಳಿ ಬೇಯಿಸಿ ಆ ನೀರಿನ ಸಮೇತ ಹಾಕುತ್ತಾರೆ, ಕಾಳನ್ನೂ ನೆನೆಸುತ್ತಾರೆ. ಒಮ್ಮೆ ಕಟ್ಟಿಕೊಂಡ ಬೆಕ್ಕಿಗೆ ಮತ್ತೆ ಕಟ್ಟುವ ಸಾಧ್ಯತೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರಿಂದ, ಉಸುಕು ತೆಗೆಯುವ ಹುಡುಗ ದಿನಾ ಒದ್ದೆ ಉಂಡೆ ಎಷ್ಟು ಸಿಕ್ಕವು ಎಂದು ಅವರಿಗೆ ವರದಿ ಒಪ್ಪಿಸುತ್ತಾನೆ.

ಎಷ್ಟು, ಹೇಗೆ, ಎಲ್ಲಿ

ಬಾಕ್ಸ್ (ಬೆಕ್ಕಿನ ಉಚ್ಚೆ ಮಲಕ್ಕೆಂದು ಉಸುಕು ಹಾಕಿಟ್ಟ ಡಬ್ಬ) ಬಿಟ್ಟು ಬೇರೆ ಕಡೆ ಹೊಯ್ದ ಉಚ್ಚೆಯನ್ನು ಒರೆಸುವ ಅವಸರ ಎಲ್ಲರಿಗೂ ಇರುತ್ತದೆ, ನೋಡುವ ಅವಸರ ಯಾರಿಗೂ ಇರುವುದಿಲ್ಲ. ಒರೆಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಡಾಕ್ಟರಿಗೆ ಅದು ನಮ್ಮ ಅರ್ಧ ತಾಸಿನ ವರ್ಣನೆಗಿಂತ ಹೆಚ್ಚು ಹೇಳುತ್ತದೆ. ಬೆಕ್ಕು ಕೂತ ಭಂಗಿಯ ವಿಡಿಯೋ ಸಿಕ್ಕರಂತೂ ಇನ್ನೂ ಛಲೋ.

ಗೋಡೆಗೆ, ಬಾಗಿಲಿನ ಚೌಕಟ್ಟಿಗೆ, ಪರದೆಗೆ ನಿಂತುಕೊಂಡು ಹೊಯ್ದರೆ, ಬಾಲ ನೆಟ್ಟಗೆ ಎದ್ದು ತುದಿ ನಡುಗುತ್ತಿದ್ದರೆ, ಬಿದ್ದದ್ದು ಸ್ವಲ್ಪವೇ ಆಗಿ ನಾತ ಮಾತ್ರ ಮನೆ ತುಂಬುವಂತಿದ್ದರೆ, ಅದು ಗಡಿ ಗುರುತು ಹಾಕುವುದು. ಬೀದಿಯ ಹೋರಿ ಬೆಕ್ಕೊಂದು ಕಂಪೌಂಡ್ ಮೇಲೆ ಬಂದು ಕೂಡುತ್ತಿರಬಹುದು; ಮನೆಯ ಬೆಕ್ಕು ಕಿಟಕಿಯಿಂದ ಅದನ್ನು ನೋಡಿ ಒಳಗಿನ ಪರದೆಗೆ ಗುರುತು ಹಾಕುತ್ತದೆ. ಬೀಜ ತೆಗೆಸುವ ಆಪರೇಷನ್ ಮಾಡಿಸಿದರೆ ಗಂಡುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಈ ಚಾಳಿ ಬಿಡುತ್ತವೆ. ಉಳಿದವಕ್ಕೆ ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸುವುದೇ ಮೊದಲ ಔಷಧಿ. ಈ ವಿಷಯ ಇದಕ್ಕಿಂತ ಹೆಚ್ಚು ಬೆಳೆಸುವಂಥದ್ದಲ್ಲ.

ನೆಲದ ಮೇಲೆ ಕೂತೇ ಹೊಯ್ದಿದೆ, ಹೊಂಡ ದೊಡ್ಡದು, ಬಣ್ಣ ತಿಳಿ, ನಾತವೂ ಅಷ್ಟಕ್ಕಷ್ಟೆ, ಬೆಕ್ಕಿಗೆ ವಯಸ್ಸಾಗಿದೆ. ಇಲ್ಲಿ ಸ್ವಭಾವದ ಮಾತೇ ಎತ್ತಬಾರದು. ಯಾದಗಿರಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೀಗೊಂದು ಮುದಿ ಬೆಕ್ಕಿನ ಬಗ್ಗೆ ಹೇಳುತ್ತ, "ನೀರು ಭಾಳ ಕುಡೀತದ ಅಕ್ಕಾ, ಬಿಸಲಿಗಿ ಹಂಗ ಇರಬೇಕು" ಅಂದಳು. ನಮ್ಮ ಕಡೆಯ ತೊಡಕೇ ಇದು. ಬೆಂಗಳೂರಿನ ಬೆಕ್ಕು ಬಟ್ಟಲು ಖಾಲಿ ಮಾಡಿದರೆ ಕೂಡಲೇ ಅನುಮಾನ ಬರುತ್ತದೆ; ಯಾದಗಿರಿಯ ಬೆಕ್ಕು ಖಾಲಿ ಮಾಡಿದರೆ ತಪ್ಪೆಲ್ಲ ಸೂರ್ಯನದು. ಅಳೆದು ನೋಡು ಅಂದೆ. ಮುಂಜಾನೆ ಅಳೆದು ನೀರಿಡುವುದು, ಮರುದಿನ ಮುಂಜಾನೆ ಉಳಿದದ್ದನ್ನು ಅಳೆಯುವುದು, ಪಕ್ಕದಲ್ಲಿ ಅಷ್ಟೇ ನೀರಿನ ಇನ್ನೊಂದು ಬಟ್ಟಲನ್ನು ಬೆಕ್ಕಿಗೆ ಸಿಗದಂತೆ ಇಟ್ಟು ಬಿಸಿಲಿಗೆ ಎಷ್ಟು ಆರಿತು ಎಂದು ಕಳೆಯುವುದು. ಮೈತೂಕದ ಒಂದು ಕಿಲೋಗೆ ದಿನಕ್ಕೆ 100 ಮಿಲಿಲೀಟರ್ ದಾಟಿದರೆ, ಅಂದರೆ ನಾಲ್ಕು ಕಿಲೋ ಬೆಕ್ಕು 400 ಮಿಲಿಲೀಟರ್ ಕುಡಿದರೆ, ಅದು ಬಿಸಿಲಿನ ಲೆಕ್ಕ ಮೀರಿದ್ದು. ಒಣ ಕಾಳು ತಿನ್ನದ ಬೆಕ್ಕು ಅದರ ಅರ್ಧ ಕುಡಿದರೂ ತೋರಿಸುವುದು ಒಳ್ಳೆಯದು. ಕಿಡ್ನಿ, ಸಕ್ಕರೆ, ಥೈರಾಯ್ಡ್, ಈ ಮೂರನ್ನೂ ನೋಡಬೇಕು. ಮೂತ್ರದ ಒಂದು ಹನಿಯ ಸಾಂದ್ರತೆ ನೋಡುವ ಪರೀಕ್ಷೆ ಸಣ್ಣದು, ಆದರೆ ಬಹಳ ಹೇಳುತ್ತದೆ. ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವುದು ಕಿಡ್ನಿಯ ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆ. ಅವಳ ಬೆಕ್ಕಿನ ಕಿಡ್ನಿ ಸೋತಿತ್ತು. ಉಚ್ಚೆ ಹೆಚ್ಚಾಗಿ, ಇಟ್ಟ ಒಂದು ಬಾಕ್ಸ್ ಸದಾ ಒದ್ದೆಯಾಗಿ, ಒದ್ದೆ ಉಸುಕಿಗೆ ಕಾಲಿಡಲು ಅದು ಹೇಸುತ್ತಿತ್ತು. ಅದರ ಮೇಲೆ ಬಾಕ್ಸಿನ ಅಂಚು ಎತ್ತರ. ಹನ್ನೆರಡು ದಾಟಿದ ಬೆಕ್ಕುಗಳ ಎಕ್ಸ್-ರೇ ನೋಡಿದ ಅಮೆರಿಕದ ಒಂದು ಅಧ್ಯಯನದಲ್ಲಿ ನೂರಕ್ಕೆ ತೊಂಬತ್ತರಲ್ಲಿ ಕೀಲು ಸವೆದ ಗುರುತು ಸಿಕ್ಕಿತ್ತು. ನಮ್ಮ ಅಜ್ಜಿಯರು ಇಂಡಿಯನ್ ಕಮೋಡಿಗೆ ಹೋಗಲು ಅಂಜಿದರೆ ಅದನ್ನು ಹಟ ಅನ್ನುವವರಿಲ್ಲ. ಮುದಿ ಬೆಕ್ಕಿಗೆ ಮಾತ್ರ ಆ ರಿಯಾಯಿತಿ ಸಿಗುವುದಿಲ್ಲ.

ಇನ್ನೊಂದು ಬಗೆ ಇದೆ. ಹನಿಹನಿಯಾಗಿ, ಹಲವು ಕಡೆ, ಅದರಲ್ಲೂ ಮೆತ್ತನೆಯ ಬಟ್ಟೆ ಅಥವಾ ನುಣುಪಾದ ತಣ್ಣನೆಯ ಜಾಗ ಹುಡುಕಿ ಹೊಯ್ಯುವುದು. ಮೂತ್ರಕೋಶ ಉರಿಯುತ್ತಿರುವ ಬೆಕ್ಕು ಹೀಗೆ ಮಾಡುತ್ತದೆ. ಬಾಕ್ಸಿನಲ್ಲಿ ಕೂತಾಗ ನೋವಾಯಿತು. ನೋವು ಬಾಕ್ಸಿನದೇ ಎಂದು ಅದು ತಿಳಿದುಕೊಳ್ಳುತ್ತದೆ. ಉರಿ ವಾಸಿಯಾದ ಮೇಲೂ ಬಾಕ್ಸಿನ ಅಂಜಿಕೆ ಉಳಿಯಬಹುದು. ರೋಗದಿಂದ ಶುರುವಾದದ್ದು ಹೀಗೆ ಚಾಳಿಯಾಗಿ ನಿಲ್ಲುತ್ತದೆ, ಆಗ ಗುಳಿಗೆ ಒಂದರಿಂದಲೇ ಕೆಲಸ ಆಗುವುದಿಲ್ಲ. ಹೊಸ ಬಾಕ್ಸ್, ಹೊಸ ಜಾಗ, ಬೇರೆ ಉಸುಕು ಕೊಟ್ಟು ಅದನ್ನು ಮತ್ತೆ ಒಲಿಸಿಕೊಳ್ಳಬೇಕಾಗುತ್ತದೆ.

ದೊಡ್ಡಪ್ಪನ ಧೋತರ

ನಮ್ಮ ಮನೆ ಶರಣಬಸವೇಶ್ವರ ಗುಡಿಯಿಂದ ದೂರವಿಲ್ಲ. ಶರಣಬಸವೇಶ್ವರ ಅಪ್ಪನ ಜಾತ್ರೆ ಬಂತೆಂದರೆ ಸುತ್ತಲ ಹಳ್ಳಿಗಳ ನೆಂಟರೆಲ್ಲ ನಮ್ಮಲ್ಲೇ ಇಳಿಯುತ್ತಾರೆ. ಪಡಸಾಲೆಯಲ್ಲಿ ಸಾಲುಸಾಲಾಗಿ ಹಾಸಿಗೆ, ಅಟ್ಟದ ಮೇಲಿನ ಕೌದಿಗಳೆಲ್ಲ ಕೆಳಗೆ, ಒಲೆ ನಸುಕಿನಿಂದ ನಡುರಾತ್ರಿವರೆಗೆ ಆರುವುದಿಲ್ಲ. ಬೆಕ್ಕಿನ ಕಣ್ಣಲ್ಲಿ ಆ ಜಾತ್ರೆ ಹೇಗಿದ್ದೀತು ಎಂದು ಆಮೇಲೆ ಲೆಕ್ಕ ಹಾಕಿದ್ದೇನೆ. ನಮ್ಮ ಚಿಮಣಿ ಆಪರೇಷನ್ ಆದ ಹೆಣ್ಣು, ಆಗ ನಾಲ್ಕರ ಪ್ರಾಯ. ಅವಳು ಮಲಗುವ ಮಂಚದ ಕೆಳಗೆ ಬ್ಯಾಗುಗಳು ತುಂಬಿದ್ದವು. ಹಿತ್ತಲ ಪಡಸಾಲೆಯ ಅವಳ ಬಾಕ್ಸಿಗೆ ಹೋಗುವ ದಾರಿಯಲ್ಲಿ ಜಳಕಕ್ಕೆ ಕಾಯುವ ಮಂದಿ ಬಕೆಟ್ ಹಿಡಿದು ನಿಂತಿದ್ದರು. ಊಟದ ಹೊತ್ತು ಏರುಪೇರಾಗಿತ್ತು. ಅವಳು ಕೌದಿಯ ಮೇಲೆ ಹೊಯ್ದಳು. ಮತ್ತೊಂದು ಕೌದಿಯ ಮೇಲೆ ಹೊಯ್ದಳು.

"ಮಂದಿ ಬಂದದ್ದು ಇದಕ್ಕ ಸೇರಂಗಿಲ್ಲ. ಮನಿ ತಂದೇ ಅಂತ ತಿಳದದ," ಅಂದರು ದೊಡ್ಡಪ್ಪ. ಎಲ್ಲರೂ ನಕ್ಕರು. ಮಾರನೆಯ ದಿನ ಅವಳು ಹೊಯ್ದದ್ದು ಅವರದೇ ಧೋತರದ ಮೇಲೆ. ತೇರಿಗೆ ಉಡಬೇಕೆಂದು ನೀಲಿ ಹಾಕಿ, ಮಡಿಚಿ ಇಟ್ಟಿದ್ದ ಬಿಳಿ ಧೋತರ. ಎತ್ತಿ ಬಚ್ಚಲಿಗೆ ಒಯ್ದ ಅತ್ತೆ ಬೆಳಕಿಗೆ ಹಿಡಿದು, "ಇದರ ಮ್ಯಾಲ ಕುಂಕುಮ ಬಿದ್ದದೇನು?" ಅಂದರು. ಜಾತ್ರೆಯ ಮನೆ, ಕುಂಕುಮ ಎಲ್ಲೆಲ್ಲೂ ಇತ್ತು. ಆದರೆ ಆ ಕೆಂಪು ಪುಡಿಯ ಕೆಂಪಾಗಿರಲಿಲ್ಲ. ರೂಪಾಯಿ ನಾಣ್ಯದಷ್ಟು ಅಗಲದ ಹಳದಿ ಕಲೆ, ಅದರ ಅಂಚಿಗೆ ತಿಳಿ ಗುಲಾಬಿ ಗೆರೆ, ನಡುವೆ ಎಳೆಯಂಥ ಒಂದು ಕೆಂಪು ಚುಕ್ಕಿ. ನಮ್ಮ ಕೌದಿಗಳು ಹಳೆಯ ಇಳಕಲ್ಲು ಸೀರೆಗಳ ತುಂಡಿನಿಂದ ಹೊಲಿದವು, ಕೆಂಪು, ಹಸಿರು, ಕಡುಗಪ್ಪು. ಅವುಗಳ ಮೇಲೆ ರಕ್ತ ಬಿದ್ದಿದ್ದರೂ ಯಾರಿಗೂ ಕಾಣುವಂತಿರಲಿಲ್ಲ. ದೊಡ್ಡಪ್ಪನ ಧೋತರ ಬಿಳಿ ಇದ್ದದ್ದರಿಂದ ಕಂಡಿತು.

ಮೂತ್ರ ಪರೀಕ್ಷೆಯಲ್ಲಿ ರಕ್ತ ಇತ್ತು, ಬ್ಯಾಕ್ಟೀರಿಯಾ ಇರಲಿಲ್ಲ. ಸ್ಕ್ಯಾನಿಂಗಿನಲ್ಲಿ ಕಲ್ಲು ಇರಲಿಲ್ಲ. (ಮನೆಯಲ್ಲೇ ಮೂತ್ರ ಹಿಡಿಯಬೇಕಾದರೆ ಉಸುಕು ತೆಗೆದು, ತೊಳೆದು ಒಣಗಿಸಿದ ಅಕ್ವೇರಿಯಂ ಹರಳು ಹಾಕಿಟ್ಟರಾಯಿತು, ಅವು ಹೀರುವುದಿಲ್ಲ.) ಡಾಕ್ಟರು ಹೇಳಿದ ಹೆಸರು ಇಡಿಯೋಪಥಿಕ್ ಸಿಸ್ಟೈಟಿಸ್, ಅಂದರೆ ಕಾರಣ ಸಿಗದ ಮೂತ್ರಕೋಶದ ಉರಿ. ಹತ್ತು ವರ್ಷದೊಳಗಿನ ಬೆಕ್ಕುಗಳಿಗೆ ಉಚ್ಚೆಯ ತೊಂದರೆ ಬಂತೆಂದರೆ ಅರ್ಧಕ್ಕಿಂತ ಹೆಚ್ಚು ಸಲ ಕೊನೆಗೆ ಸಿಗುವ ಉತ್ತರ ಇದೇ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್‌ಟನ್ ಈ ಕಾಯಿಲೆಯ ಹಿಂದೆ ವರ್ಷಗಟ್ಟಲೆ ಬಿದ್ದವರು. ತೊಂದರೆ ಮೂತ್ರಕೋಶಕ್ಕೆ ನಿಲ್ಲದೆ ಬೆಕ್ಕಿನ ಇಡೀ ನರಮಂಡಲಕ್ಕೆ, ಒತ್ತಡಕ್ಕೆ ಅದು ಮಿಡಿಯುವ ರೀತಿಗೆ ಹೋಗುತ್ತದೆ ಎಂದು ಅವರ ವಾದ. ಅದಕ್ಕೆ ಅವರು ಇಟ್ಟ ಹೆಸರು ಪ್ಯಾಂಡೋರಾ ಸಿಂಡ್ರೋಮ್.

ಅವರ ತಂಡ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಈ ಕಾಯಿಲೆ ಇದ್ದ 20 ಬೆಕ್ಕು, ಆರೋಗ್ಯವಾಗಿದ್ದ 12 ಬೆಕ್ಕುಗಳನ್ನು 77 ವಾರ ದಿನಾ ನೋಡಿ ಬರೆದಿಟ್ಟರು. ನೋಡಿಕೊಳ್ಳುವವರು ಬದಲಾದ, ಊಟದ ಹೊತ್ತು ತಪ್ಪಿದಂಥ ವಾರಗಳಲ್ಲಿ ಬೆಕ್ಕುಗಳು ಊಟ ಕಡಿಮೆ ಮಾಡಿದವು, ಬಾಕ್ಸಿನ ಹೊರಗೆ ಹೋದವು, ಕೆಲವು ಇಡೀ ದಿನ ಉಚ್ಚೆ ಮಲ ಎರಡನ್ನೂ ಮಾಡಲಿಲ್ಲ. ಕಾಯಿಲೆಯವೂ ಹಾಗೇ ಮಾಡಿದವು, ಆರೋಗ್ಯವಂತವೂ ಹಾಗೇ ಮಾಡಿದವು.

ಇದನ್ನು ಓದಿದಾಗ ನಮ್ಮ ದೊಡ್ಡಪ್ಪ ಅರ್ಧ ಸರಿ ಅನ್ನಿಸಿತು. ಮಂದಿ ಬಂದದ್ದೇ ಕಾರಣ. ಆದರೆ ಚಿಮಣಿ ಮಂದಿಯ ಮೇಲೆ ಏನನ್ನೂ ತೀರಿಸಿಕೊಳ್ಳುತ್ತಿರಲಿಲ್ಲ, ಅವಳ ಕೋಶದ ಒಳಪದರ ಕೆರಳಿ ರಕ್ತ ಒಸರುತ್ತಿತ್ತು. ಇದನ್ನು ಯಾವ ಖಾತೆಗೆ ಬರೆಯೋಣ? ರೋಗವೆಂದು ಬರೆದರೆ, ತಂದದ್ದು ಜಾತ್ರೆ. ಸ್ವಭಾವವೆಂದು ಬರೆದರೆ, ಧೋತರದ ಮೇಲಿನ ರಕ್ತಕ್ಕೆ ಏನು ಹೇಳುವುದು? ಎರಡು ಖಾತೆಯ ಲೆಕ್ಕ ಇಲ್ಲಿ ಕೂಡುವುದಿಲ್ಲ. ಹಾಗೆಂದು "ಎಲ್ಲಾ ಟೆನ್ಷನ್ ರೀ" ಎಂದು ಮೊದಲೇ ಹೇಳಿಬಿಡುವ ಹಾಗೂ ಇಲ್ಲ. ಕಲ್ಲು, ಸೋಂಕು, ತಡೆ ಒಂದೊಂದನ್ನೂ ನೋಡಿ, ಇಲ್ಲ ಎಂದು ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಇದು. ಗಂಡು ಬೆಕ್ಕಿಗೆ ಇದೇ ಉರಿ ನಾಳ ಕಟ್ಟುವುದಕ್ಕೂ ದಾರಿಯಾಗಬಹುದು. ಸುಲ್ತಾನನ ಮನೆಯಲ್ಲೂ ಆ ತಿಂಗಳು ಬಣ್ಣ ಬಳಿಯುವ ಕೆಲಸ ನಡೆದಿತ್ತು ಎಂದು ಆಪಾ ಹೇಳಿದ್ದು ನೆನಪಾಗುತ್ತದೆ. ಅದೇ ಕಾರಣ ಎಂದು ಹೇಳಲಾರೆ.

ಆಂಟಿಬಯೋಟಿಕ್‌ಗೆ ಇಷ್ಟು ಹೆಸರು ಹೇಗೆ ಬಂತು ಅನ್ನುವುದೂ ಇಲ್ಲಿ ಬಗೆಹರಿಯುತ್ತದೆ. ಈ ಉರಿ ಬಹಳ ಬೆಕ್ಕುಗಳಲ್ಲಿ ಒಂದು ವಾರದೊಳಗೆ ತಾನೇ ಇಳಿಯುತ್ತದೆ. ಐದು ದಿನದ ಗುಳಿಗೆ ಕೊಟ್ಟರೂ ಇಳಿಯುತ್ತದೆ, ಅಂಗಾರ ಹಚ್ಚಿದರೂ ಇಳಿಯುತ್ತದೆ. ಮುಂದಿನ ಗದ್ದಲಕ್ಕೆ ಮತ್ತೆ ಬರುತ್ತದೆ, ಮತ್ತೆ ಅದೇ ಗುಳಿಗೆ. ಚಿಮಣಿಗೆ ಡಾಕ್ಟರು ಕೊಟ್ಟದ್ದು ನೋವಿನ ಔಷಧಿ ಮಾತ್ರ. ಉಳಿದದ್ದು ನಮ್ಮ ಕೆಲಸ: ಮಾಳಿಗೆಯ ಕೋಣೆಯೊಂದನ್ನು ನೆಂಟರಿಗೆ ಕೊಡದೆ ಅವಳಿಗೆ ಬಿಡುವುದು, ಅಲ್ಲೇ ಬಾಕ್ಸು, ಅಲ್ಲೇ ನೀರು, ಹೊಕ್ಕು ಕೂಡಲು ಒಂದು ರಟ್ಟಿನ ಪೆಟ್ಟಿಗೆ, ಊಟ ಹೊತ್ತಿಗೆ ಸರಿಯಾಗಿ. ನೆಂಟರ ಗದ್ದಲದಲ್ಲಿ ಬೆಕ್ಕಿಗೊಂದು ಕೋಣೆ ಕೊಡುವುದು ಕೂಡುಕುಟುಂಬದಲ್ಲಿ ಗುಳಿಗೆ ನುಂಗಿಸುವುದಕ್ಕಿಂತ ಕಷ್ಟದ ಕೆಲಸ. ಧೋತರದ ಕಲೆ ತೋರಿಸಿದ್ದರಿಂದ ಸಾಧ್ಯವಾಯಿತು.

ಉಸುಕು ಮತ್ತು ಎರೆಮಣ್ಣು

ದೇಹವನ್ನು ನೋಡಿಸಿ ಆಯಿತು, ಏನೂ ಸಿಗಲಿಲ್ಲ ಅಂದಾಗ ಬಾಕ್ಸಿನ ಕಡೆ ತಿರುಗಬೇಕು. ಬೆಕ್ಕಿನ ದೂರು ಬಹಳ ಸಲ ಸರಳವಾಗಿರುತ್ತದೆ: ಚಿಕ್ಕದಾಯಿತು, ಹೊಲಸಾಯಿತು, ದಾರಿಯಲ್ಲಿ ನಾಯಿ ಕೂತಿದೆ, ಕಾಲಿಗೆ ಚುಚ್ಚುತ್ತದೆ. ಈಗ ನದಿ ಉಸುಕು ಸಿಗುವುದು ಕಷ್ಟವಾಗಿ ಎಲ್ಲರೂ ಎಂ-ಸ್ಯಾಂಡ್ ಹಾಕುತ್ತಾರೆ. ಕಲ್ಲು ಒಡೆದು ಮಾಡಿದ ಅದರ ಕಣಗಳಿಗೆ ಮೂಲೆಗಳಿರುತ್ತವೆ. ಬೆಕ್ಕಿನ ಅಂಗಾಲು ಕೇಳುವುದು ನುಣುಪಾದ ಸಣ್ಣ ಕಣವನ್ನು. ಅಂಗಡಿಯ ಪರಿಮಳದ ಲಿಟರ್ (ಉಸುಕಿನ ಬದಲು ಬಾಕ್ಸಿಗೆ ಹಾಕುವ ಹರಳು) ನಮ್ಮ ಮೂಗಿಗಾಗಿ ಮಾಡಿದ್ದು, ಬೆಕ್ಕಿನ ಮೂಗಿಗೆ ಅದು ಕಾಟ. ಬಾಕ್ಸ್ ಬೆಕ್ಕಿನ ಮೈಯ ಒಂದೂವರೆಯಷ್ಟು ಉದ್ದ ಇರಬೇಕು, ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಬಾಕ್ಸ್ ಇರಬೇಕು ಅನ್ನುತ್ತಾರೆ ತಿಳಿದವರು. ಎರಡನೆಯದನ್ನು ನಮ್ಮೂರಿನಲ್ಲಿ ಹೇಳಿದರೆ ಬೆಕ್ಕಿನ ಜೊತೆ ನನ್ನನ್ನೂ ಹೊರಗೆ ಹಾಕುತ್ತಾರೆ.

ಅಂಗಡಿಯ ಲಿಟರ್ ಎಂದಾಗ ನನಗೊಂದು ತಮಾಷೆ ಹೊಳೆಯುತ್ತದೆ. 1947ರಲ್ಲಿ ಅಮೆರಿಕದ ಎಡ್ ಲೋ ಎಂಬಾತ ಹೀರುವ ಜೇಡಿಮಣ್ಣಿನ ಹರಳನ್ನು ಬೆಕ್ಕಿಗೆಂದು ಚೀಲ ಕಟ್ಟಿ ಮಾರುವವರೆಗೆ ಅಲ್ಲಿಯವರೂ ನಮ್ಮ ಹಾಗೆ ಉಸುಕು, ಬೂದಿಯನ್ನೇ ಹಾಕುತ್ತಿದ್ದರು. ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಲಿಟರ್ ಬಂದದ್ದು 1980ರ ದಶಕದಲ್ಲಿ. ಬೆಂಟೊನೈಟ್‌ನ ಜೀವಾಳ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ, ನೀರು ಕುಡಿದು ಉಬ್ಬುವಂಥದ್ದು. ನಮ್ಮ ತೊಗರಿ ಹೊಲದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದೂ ಇದೇ ಜಾತಿಯ ಜೇಡಿಯಿಂದ. ಹೊಲದಲ್ಲಿ ಪುಕ್ಕಟೆ ಬಿದ್ದಿರುವುದರ ದಾಯಾದಿಯನ್ನು ನಾವು ಕಿಲೋ ಲೆಕ್ಕದಲ್ಲಿ ತರುತ್ತೇವೆ. ಹಾಗೆಂದು ಹೊಲದ ಮಣ್ಣು ತಂದು ಹಾಕಲು ಹೋಗಬೇಡಿ. ಒದ್ದೆಯಾದರೆ ಅದು ಅಂಗಾಲಿಗೆ ಮೆತ್ತಿಕೊಂಡು ಇಡೀ ಮನೆಗೆ ಚಿತ್ತಾರ ಬರೆಯುತ್ತದೆ, ಒಣಗಿದರೆ ಹೆಂಟೆ.

ಶಹಾಬಾದ್ ಫರ್ಸಿ ಮೇಲಿನ ಕಲೆ

ನಮ್ಮ ಕಡೆಯ ಹಳೆಯ ಮನೆಗಳ ನೆಲ ಶಹಾಬಾದ್ ಕಲ್ಲು. ತಂಪು, ಗಟ್ಟಿ, ನೂರು ವರ್ಷ ಬಾಳುವಂಥದ್ದು. ಆದರೆ ಅದು ಸುಣ್ಣದಕಲ್ಲು. ಬೆಕ್ಕಿನ ಉಚ್ಚೆ ಸಂದಿಗೆ ಇಳಿದು, ಮಳೆಗಾಲದ ತೇವಕ್ಕೆ ಮತ್ತೆ ನಾತ ಬಿಡುತ್ತದೆ. ಆ ನಾತವೇ ಬೆಕ್ಕನ್ನು ಅದೇ ಜಾಗಕ್ಕೆ ಮತ್ತೆ ಕರೆಯುತ್ತದೆ, ನಾವು ಮತ್ತೆ ಹಟ ಎನ್ನುತ್ತೇವೆ. ಟಾಯ್ಲೆಟ್ ಆ್ಯಸಿಡ್ ಸುರಿದರೆ ಕಲ್ಲು ನೊರೆಯೆದ್ದು ಬಿಳಿಚುತ್ತದೆ, ಹೊಳಪು ಹೋಗಿ ಇನ್ನಷ್ಟು ಹೀರುತ್ತದೆ. ಲಿಂಬೆ, ವಿನೆಗರ್ ಕೂಡ ಸುಣ್ಣಕ್ಕೆ ವೈರಿಗಳೇ. ಕರಿ ಫಿನಾಯಿಲ್ ಬೇಡವೇ ಬೇಡ. ಅದರಲ್ಲಿರುವ ಫೀನಾಲಿನ ಬಗೆಯ ರಾಸಾಯನಿಕಗಳನ್ನು ಬೆಕ್ಕಿನ ಮೈ ಅರಗಿಸಲಾರದು, ನೆಲ ತುಳಿದ ಅಂಗಾಲನ್ನು ಅದು ನೆಕ್ಕುತ್ತದೆ. ಬ್ಲೀಚಿಂಗ್ ಹಾಕಿದರೆ ಉಚ್ಚೆಯ ಅಮೋನಿಯಾ ಜೊತೆ ಸೇರಿ ಉಸಿರು ಕಟ್ಟುವ ಗಾಳಿ ಏಳುತ್ತದೆ. ಬಟ್ಟೆಯಿಂದ ಹೀರಿಸಿ, ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ಜಾಗಕ್ಕೆ ಹಾಕಿ, ಸಾಕಷ್ಟು ಹೊತ್ತು ಬಿಟ್ಟು ತೊಳೆಯುವುದು ನಮ್ಮಲ್ಲಿ ನಡೆದಿರುವ ದಾರಿ. ಪೂರ್ತಿ ಹೋಗಿದೆಯೇ? ಮೂಗಿಗೆ ಹೋಗಿದೆ. ಚಿಮಣಿಯ ಮೂಗಿನ ಬಗ್ಗೆ ಹೇಳಲಾರೆ.

ಈ ವರ್ಷದ ಜಾತ್ರೆಗೆ ಮುಂಚೆಯೇ ಎರಡನೆಯ ಬಾಕ್ಸಿನ ಮಾತು ತೆಗೆದೆ. ದೇವರ ಮನೆಯ ಪಕ್ಕ ಬೇಡ, ಅಡುಗೆಮನೆಯ ದಾರಿಯಲ್ಲಿ ಬೇಡ, ತುಳಸಿಕಟ್ಟೆಯ ಹತ್ತಿರ ಬೇಡ ಎಂದು ಅತ್ತೆ ಮನೆಯ ನಕ್ಷೆಯನ್ನೆಲ್ಲ ಹೊಡೆದುಹಾಕಿದ ಮೇಲೆ ಮೆಟ್ಟಿಲ ಕೆಳಗಿನ ಜಾಗ ಉಳಿಯಿತು. "ಅಲ್ಲಿರಲಿ. ಆದ್ರ ಸಂಜಿ ದೀಪ ಹಚ್ಚೋದ್ರೊಳಗ ನೀನೇ ತೆಗದು ಸ್ವಚ್ಛ ಮಾಡಬೇಕು ನೋಡವ್ವ" ಎಂದು ಷರತ್ತು ಹಾಕಿದರು. ದೊಡ್ಡಪ್ಪನಿಗೆ ಧೋತರ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಳ್ಳಲು ಹೇಳಿದ್ದಾರೆ.